ಹೊಸ್ತಿಲಿನಿಂದ ಅಂಗಳಕ್ಕೆ: ವಿಮಾನದ ದೂರ ಮತ್ತು ಪಯಣದ ಹೊತ್ತು

(ಮಲೆನಾಡಿನಿಂದ ಬಂದು ಬೆಂಗಳೂರಿನ ಪಶ್ಚಿಮ ಬಡಾವಣೆಗಳಲ್ಲಿ ನೆಲೆಸಿರುವ ಕುಟುಂಬಗಳು ಹಾಗೂ ವಿದ್ಯಾರ್ಥಿಗಳು ಸೇರಿದ್ದ ನಾಗರಬಾವಿಯ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಬೆಂಗಳೂರಿನಿಂದ ಶಿವಮೊಗ್ಗದ ಸೀಮೆಗೆ ಎಷ್ಟು ದೂರ ಎಂಬ ಪ್ರಶ್ನೆಗೆ ಮಲೆನಾಡಿನ ಮನೆಗಳಲ್ಲಿ ಬಹುಕಾಲ ಒಂದೇ ಉತ್ತರವಿತ್ತು: ಒಂದು ರಾತ್ರಿಯ ಬಸ್ಸಿನ ದೂರ. ಹಿರಿಯರು ಕಿಲೋಮೀಟರುಗಳನ್ನು ಎಣಿಸುತ್ತಿರಲಿಲ್ಲ. ರಾತ್ರಿ ಉಂಡು ಹೊರಟರೆ ಬೆಳಗಿನ ಕಾಫಿಯ ಹೊತ್ತಿಗೆ ಮುಟ್ಟುವುದೆಂದು ಹೇಳುತ್ತಿದ್ದರು. 2023ರ ಫೆಬ್ರವರಿ 27ರಂದು ಸೋಗಾನೆಯಲ್ಲಿ ಕುವೆಂಪು ಅವರ ಹೆಸರಿನ ವಿಮಾನ ನಿಲ್ದಾಣ ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ಪ್ರಯಾಣಿಕ ವಿಮಾನ ಬಂದಿಳಿಯಿತು. ಅಂದಿನಿಂದ ಆ ಪ್ರಶ್ನೆಗೆ ಎರಡನೆಯ ಉತ್ತರವೊಂದು ಹುಟ್ಟಿಕೊಂಡಿದೆ: ಒಂದು ಗಂಟೆಯ ದೂರ.

ಎರಡೂ ಉತ್ತರಗಳು ಸುಳ್ಳಲ್ಲ. ಮೊದಲನೆಯದು ಮನೆಯ ಹೊಸ್ತಿಲಿನಿಂದ ಮನೆಯ ಅಂಗಳಕ್ಕೆ ಅಳೆದದ್ದು. ಎರಡನೆಯದು ಒಂದು ವಿಮಾನ ನಿಲ್ದಾಣದಿಂದ ಇನ್ನೊಂದು ವಿಮಾನ ನಿಲ್ದಾಣಕ್ಕೆ ಅಳೆದದ್ದು. ಅಳತೆಗೋಲು ಬೇರೆಯಾದಾಗ ಹೋಲಿಕೆ ನಿಲ್ಲದು. ಇಂದು ರಸ್ತೆ, ರೈಲು, ವಿಮಾನ ನಿಲ್ದಾಣಗಳಿಗೆ ಸಾರ್ವಜನಿಕ ಹಣ ಹರಿಯುವುದೂ, ಅವುಗಳಿಗಾಗಿ ಗುಡ್ಡ ಗದ್ದೆಗಳು ನೆಲಸಮವಾಗುವುದೂ ‘ಇಷ್ಟು ಹೊತ್ತು ಉಳಿಯುತ್ತದೆ’ ಎಂಬ ಮಾತಿನ ಬಲದ ಮೇಲೆಯೇ. ಆದಕಾರಣ ಉಳಿಯುವ ಹೊತ್ತು ಎಷ್ಟು, ಅದು ಯಾರ ಪಾಲಿಗೆ ಉಳಿಯುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡುವುದು ಮಲೆನಾಡಿನವರು ಕಲಿಯಲೇಬೇಕಾದ ವಿದ್ಯೆ. ಈ ಉಪನ್ಯಾಸದ ಉದ್ದೇಶ ಆ ಲೆಕ್ಕವನ್ನು ಪೂರ್ತಿಯಾಗಿ ಹಾಕಿ ತೋರಿಸುವುದು.

ಆಕಾಶದ ಗೆರೆ

ಎರಡು ವಿಮಾನ ನಿಲ್ದಾಣಗಳ ನಡುವಣ ದೂರವೆಂದು ಹೇಳುವುದು ಭೂಮಿಯ ಮೈಮೇಲೆ ಅವೆರಡನ್ನೂ ಕೂಡಿಸುವ ಅತಿ ಚಿಕ್ಕ ಗೆರೆಯ ಉದ್ದವನ್ನು. ಇದನ್ನು ಪ್ರೌಢಶಾಲೆಯ ಗಣಿತದಿಂದಲೇ ಕಂಡುಹಿಡಿಯಬಹುದು. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣವು 13.20 ಡಿಗ್ರಿ ಉತ್ತರ ಅಕ್ಷಾಂಶ, 77.71 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಸೋಗಾನೆಯ ನಿಲ್ದಾಣವು 13.85 ಡಿಗ್ರಿ ಉತ್ತರ, 75.61 ಡಿಗ್ರಿ ಪೂರ್ವದಲ್ಲಿದೆ. ಅಕ್ಷಾಂಶದ ವ್ಯತ್ಯಾಸ 0.65 ಡಿಗ್ರಿ, ಒಂದು ಡಿಗ್ರಿಗೆ 111 ಕಿ.ಮೀ. ಎಂದು ಹಿಡಿದರೆ 72 ಕಿ.ಮೀ. ಆಯಿತು. ರೇಖಾಂಶದ ವ್ಯತ್ಯಾಸ 2.10 ಡಿಗ್ರಿ; ಕರ್ನಾಟಕದ ಈ ಭಾಗದಲ್ಲಿ ರೇಖಾಂಶದ ಒಂದು ಡಿಗ್ರಿಗೆ ಸುಮಾರು 108 ಕಿ.ಮೀ. ಆದ್ದರಿಂದ ಅದು 227 ಕಿ.ಮೀ. ಇವೆರಡನ್ನೂ ಲಂಬಕೋನ ತ್ರಿಭುಜದ ಎರಡು ಬಾಹುಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ ಸುಮಾರು 238 ಕಿ.ಮೀ. ದೊರೆಯುತ್ತದೆ. ಈ ಗೆರೆ ತುಮಕೂರಿನ ಬಳಿ ಹಾದು, ಹೊಸದುರ್ಗದ ದಕ್ಷಿಣಕ್ಕೆ ಸಾಗಿ, ಭದ್ರಾವತಿಯ ಸಮೀಪ ಸೋಗಾನೆಯನ್ನು ಮುಟ್ಟುತ್ತದೆ.

ದೂರ ಸಾವಿರಾರು ಕಿಲೋಮೀಟರುಗಳಾದಾಗ ಈ ಸರಳ ಲೆಕ್ಕ ಸಾಲದು. ಭೂಮಿಯ ಗೋಳಾಕಾರವನ್ನು ಗಣನೆಗೆ ತೆಗೆದುಕೊಳ್ಳಬೇಕಾಗುತ್ತದೆ. 2021ರ ಜನವರಿಯಲ್ಲಿ ಏರ್ ಇಂಡಿಯಾದ ವಿಮಾನವೊಂದು ಮಹಿಳಾ ಪೈಲಟ್‌ಗಳ ಸಾರಥ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ನೇರವಾಗಿ ಬಂದಾಗ ಅದು ಉತ್ತರ ಧ್ರುವದ ಮೇಲೆ ಹಾರಿತು. ಗೋಡೆಗೆ ತೂಗುಹಾಕಿದ ನಕ್ಷೆಯಲ್ಲಿ ಇದು ಸುತ್ತುದಾರಿಯಂತೆ ಕಾಣುತ್ತದೆ. ಗೋಳದ ಮೇಲೆ ದಾರವೆಳೆದು ನೋಡಿದರೆ ಅದೇ ಅತ್ಯಂತ ಹತ್ತಿರದ ದಾರಿ. ಆ ಪಯಣ ಸುಮಾರು 14,000 ಕಿ.ಮೀ.; ಹಿಡಿದ ಹೊತ್ತು 17 ಗಂಟೆಗಳ ಆಸುಪಾಸು.

ಮತ್ತೆ ಶಿವಮೊಗ್ಗಕ್ಕೆ ಬರೋಣ. ಈ ದಾರಿಯಲ್ಲಿ ಮೊದಲು ಹಾರಿದ್ದು ಎಟಿಆರ್ 72 ಎಂಬ ಪಂಖದ ವಿಮಾನ. ಅದರ ವೇಗ ಗಂಟೆಗೆ ಸುಮಾರು 500 ಕಿ.ಮೀ. ಆ ಲೆಕ್ಕದಲ್ಲಿ 238 ಕಿ.ಮೀ. ಕ್ರಮಿಸಲು ಅರ್ಧ ಗಂಟೆಯೂ ಬೇಡ. ಹಾಗಿದ್ದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಎಂದು ಬರೆದಿರುವುದೇಕೆ? ವಿಮಾನ ಕಂಪನಿಗಳು ಎಣಿಸುವ ಹೊತ್ತು ನಿಂತ ಜಾಗದಿಂದ ಗಾಲಿ ಕದಲಿದ ಕ್ಷಣದಿಂದ, ಇನ್ನೊಂದು ತುದಿಯಲ್ಲಿ ಗಾಲಿ ನಿಲ್ಲುವ ಕ್ಷಣದವರೆಗಿನದು. ರನ್‌ವೇವರೆಗೆ ತೆವಳಬೇಕು, ತನ್ನ ಸರದಿಗೆ ಕಾಯಬೇಕು, ಗಾಳಿಗೆ ಎದುರಾಗಿ ಏರಬೇಕು. ಹೊರಟ ದಿಕ್ಕು ಊರಿನ ದಿಕ್ಕಿಗೆ ವಿರುದ್ಧವಾಗಿದ್ದರೆ ತಿರುಗಬೇಕು, ಇಳಿಯುವಾಗಲೂ ಸುತ್ತಿ ಸಾಲಿಗೆ ಬರಬೇಕು. ಇಷ್ಟು ಚಿಕ್ಕ ಪಯಣದಲ್ಲಿ ಪೂರ್ಣ ವೇಗದ ನೇರ ಹಾರಾಟ ಒಟ್ಟು ಹೊತ್ತಿನ ಒಂದು ಭಾಗ ಮಾತ್ರ.

ನಾಗರಬಾವಿಯಿಂದ ನೋಡಿದರೆ

ಇನ್ನು ನೆಲದ ಲೆಕ್ಕ. ನಾಗರಬಾವಿ ಬೆಂಗಳೂರಿನ ಪಶ್ಚಿಮದಲ್ಲಿದೆ; ವಿಮಾನ ನಿಲ್ದಾಣ ಈಶಾನ್ಯದಲ್ಲಿದೆ. ನಡುವಣ ನೇರ ಗೆರೆ ಸುಮಾರು 34 ಕಿ.ಮೀ.; ರಸ್ತೆಯ ದೂರ 40 ಕಿ.ಮೀ.ಗೂ ಹೆಚ್ಚು. ಇಲ್ಲಿ ವಿಚಿತ್ರವೊಂದನ್ನು ಗಮನಿಸಬೇಕು. ನಾಗರಬಾವಿಯ ಮನೆಯಿಂದ ಸೋಗಾನೆಗೆ ನೇರ ದೂರ ಸುಮಾರು 228 ಕಿ.ಮೀ. ದೇವನಹಳ್ಳಿಯಿಂದ ಸೋಗಾನೆಗೆ 238 ಕಿ.ಮೀ. ಅಂದರೆ ಊರಿಗೆ ಬೇಗ ಮುಟ್ಟಬೇಕೆಂದು ವಿಮಾನ ಹತ್ತಲು ಹೊರಟವರು ಒಂದೂವರೆ ಎರಡು ಗಂಟೆ ಪಯಣಿಸಿ, ಊರಿನಿಂದ ಹತ್ತು ಕಿ.ಮೀ. ಇನ್ನಷ್ಟು ದೂರ ಹೋಗಿ ನಿಂತಿರುತ್ತಾರೆ. ಗೊರಗುಂಟೆಪಾಳ್ಯದಲ್ಲಿ ಹೊರವರ್ತುಲ ರಸ್ತೆಯಿಂದ ಎಡಕ್ಕೆ ತಿರುಗಿದರೆ ತುಮಕೂರು ರಸ್ತೆ, ಅಂದರೆ ಊರಿನ ದಾರಿ. ವಿಮಾನ ಹಿಡಿಯುವವರು ಆ ದಾರಿಯನ್ನು ಬಿಟ್ಟು ಹೆಬ್ಬಾಳದ ಕಡೆಗೆ ಸಾಗುತ್ತಾರೆ.

ಈ ಸ್ಥಿತಿ ಮೊದಲಿನಿಂದ ಇದ್ದದ್ದಲ್ಲ. 2008ರ ಮೇ 24ರವರೆಗೆ ಬೆಂಗಳೂರಿನ ನಾಗರಿಕ ವಿಮಾನಗಳು ಎಚ್‌ಎಎಲ್ ನಿಲ್ದಾಣದಿಂದ ಹಾರುತ್ತಿದ್ದವು. ಅಂದು ಅವು ದೇವನಹಳ್ಳಿಗೆ ಸ್ಥಳಾಂತರಗೊಂಡವು. ಆಗ ಶಿವಮೊಗ್ಗಕ್ಕೆ ವಿಮಾನವಿರಲಿಲ್ಲವಾದ್ದರಿಂದ ಮಂಗಳೂರಿನ ಬಜಪೆಯನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಎಚ್‌ಎಎಲ್‌ನಿಂದ ಬಜಪೆಗೆ ಆಕಾಶದ ದೂರ ಸುಮಾರು 301 ಕಿ.ಮೀ.; ದೇವನಹಳ್ಳಿಯಿಂದ ಸುಮಾರು 306 ಕಿ.ಮೀ. ಆಕಾಶದಲ್ಲಿ ಹೆಚ್ಚಾದದ್ದು ಐದೇ ಕಿ.ಮೀ. ಆದರೆ ನಾಗರಬಾವಿಯಿಂದ ವಿಮಾನ ನಿಲ್ದಾಣಕ್ಕೆ ಇದ್ದ ನೇರ ದೂರ 17 ಕಿ.ಮೀ.ನಿಂದ 34 ಕಿ.ಮೀ.ಗೆ, ಅಂದರೆ ಸರಿಯಾಗಿ ಇಮ್ಮಡಿಯಾಯಿತು. ವೇಳಾಪಟ್ಟಿಯಲ್ಲಿ ಬರೆದ ಪಯಣದ ಹೊತ್ತು ಇದಾವುದನ್ನೂ ಹೇಳುವುದಿಲ್ಲ. ವಿಮಾನ ನಿಲ್ದಾಣದ ಗೋಡೆಯ ಹೊರಗೆ ಪ್ರಯಾಣಿಕ ಕಳೆಯುವ ಹೊತ್ತು ಯಾವ ಪಟ್ಟಿಗೂ ಸೇರದು.

ನಾಲ್ಕು ಗಂಟೆಗಳ ಸುಂಕ

ಈಗ ಇಡೀ ಪಯಣವನ್ನು ಕೂಡಿಸಿ ನೋಡೋಣ. ನಾಗರಬಾವಿಯಿಂದ ದೇವನಹಳ್ಳಿಗೆ ಸಂಚಾರ ದಟ್ಟಣೆಗೆ ತಕ್ಕಂತೆ ಒಂದೂವರೆಯಿಂದ ಎರಡು ಗಂಟೆ. ದೇಶದೊಳಗಿನ ವಿಮಾನಗಳಿಗೆ ಸಾಮಾನು ಒಪ್ಪಿಸುವ ಕೌಂಟರು ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಸಾಲು, ತಪಾಸಣೆ ಎಂದು ಒಂದೂವರೆ ಗಂಟೆ ಮುಂಚಿತವಾಗಿ ಅಲ್ಲಿರುವುದು ಲೇಸು. ವಿಮಾನದ್ದು ಒಂದು ಗಂಟೆ. ಇಳಿದು, ಸಾಮಾನು ಪಡೆದು ಹೊರಬರಲು ಅರ್ಧ ಗಂಟೆ. ಸೋಗಾನೆಯ ಹೆಬ್ಬಾಗಿಲಿಗೆ ಬರುವಷ್ಟರಲ್ಲಿ ನಾಲ್ಕೂವರೆಯಿಂದ ಐದು ಗಂಟೆ ಕಳೆದಿರುತ್ತದೆ. ಅಲ್ಲಿಂದ ಶಿವಮೊಗ್ಗದ ಬಸ್ ನಿಲ್ದಾಣಕ್ಕೆ ಮತ್ತೆ ಅರ್ಧ ಗಂಟೆ.

ರೈಲಿನ ಲೆಕ್ಕ ಹೀಗಿದೆ. 2021ರ ಆಗಸ್ಟ್‌ನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಮೆಟ್ರೊ ಆರಂಭವಾದ ಮೇಲೆ ನಾಗರಬಾವಿಯವರು ಜ್ಞಾನಭಾರತಿಯಲ್ಲೋ ಪಟ್ಟಣಗೆರೆಯಲ್ಲೋ ಹತ್ತಿ ಸಿಟಿ ರೈಲು ನಿಲ್ದಾಣದಲ್ಲಿ ಇಳಿಯಬಹುದಾಗಿದೆ. ಮನೆ ಬಿಟ್ಟು ರೈಲಿನಲ್ಲಿ ಕೂರುವವರೆಗೆ ಒಂದೂವರೆ ಗಂಟೆ ಎಂದಿಟ್ಟುಕೊಳ್ಳೋಣ. ಶಿವಮೊಗ್ಗಕ್ಕೆ ಹಳಿಯ ದೂರ ಸುಮಾರು 275 ಕಿ.ಮೀ.; ಜನಶತಾಬ್ದಿ ರೈಲು ಹಿಡಿಯುವ ಹೊತ್ತು ನಾಲ್ಕೂವರೆ ಗಂಟೆಗಳ ಆಸುಪಾಸು. ಒಟ್ಟು ಆರು ಗಂಟೆ. ಆಕಾಶದಲ್ಲಿ ಅರ್ಧ ಗಂಟೆಯ ದಾರಿಯೆಂದು ಕೊಂಡಾಡುವ ಪಯಣಕ್ಕೂ ನೆಲದ ಮೇಲಣ ರೈಲಿಗೂ ಕೊನೆಗೆ ಉಳಿಯುವ ಅಂತರ ಒಂದು ಗಂಟೆ, ಬಹಳವೆಂದರೆ ಇನ್ನೂ ಸ್ವಲ್ಪ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಕಡೆಯ ಹಳ್ಳಿಗೆ ಹೋಗುವವರು ಮುಂದಿನ ಬಸ್ಸಿಗಾಗಿ ಕಾದರೆ ಆ ಒಂದು ಗಂಟೆಯೂ ಕರಗಿಹೋಗುತ್ತದೆ. ರಾತ್ರಿ ಬಸ್ಸು ಸಾಗರಕ್ಕೆ ಹೆಚ್ಚು ಹೊತ್ತು ಹಿಡಿಯುವುದು ನಿಜ. ಆದರೆ ಅದು ನಿದ್ದೆಯ ಹೊತ್ತು. ಬೆಳಗಿನ ಕೆಲಸದ ಹೊತ್ತು ಕೈಯಲ್ಲೇ ಉಳಿಯುತ್ತದೆ.

ಇದರಿಂದ ತಿಳಿಯುವ ನಿಯಮ ಸರಳವಾದದ್ದು. ವಿಮಾನ ಹತ್ತುವವರು ನೆಲದ ಮೇಲೆ ತೆರಬೇಕಾದ ಸುಂಕ ಸುಮಾರು ನಾಲ್ಕು ಗಂಟೆ. ಪಯಣ ಚಿಕ್ಕದಾಗಲಿ ದೊಡ್ಡದಾಗಲಿ ಈ ಸುಂಕ ಹೆಚ್ಚು ಕಡಿಮೆ ಅಷ್ಟೇ. ಶಿವಮೊಗ್ಗದ ಪಯಣದ ಐದು ಗಂಟೆಗಳಲ್ಲಿ ನಾಲ್ಕು ನೆಲದ ಮೇಲೆಯೇ ಕಳೆಯುತ್ತವೆ. ಸ್ಯಾನ್ ಫ್ರಾನ್ಸಿಸ್ಕೊಗೆ ಹೋಗುವವರಿಗೆ ವಿದೇಶ ಪಯಣದ ಹೆಚ್ಚಿನ ತಪಾಸಣೆಗಳನ್ನು ಸೇರಿಸಿದರೂ ನೆಲದ ಪಾಲು ಕಾಲು ಭಾಗದ ಆಸುಪಾಸಿನಲ್ಲೇ ನಿಲ್ಲುತ್ತದೆ. ದೂರ ಬೆಳೆದಂತೆ ವಿಮಾನಕ್ಕೆ ಅರ್ಥ ಬರುತ್ತದೆ. ದೂರ ಕುಗ್ಗಿದಂತೆ ಅದು ತೆಳುವಾಗುತ್ತದೆ. 2023ರ ನವೆಂಬರ್‌ನಲ್ಲಿ ಶಿವಮೊಗ್ಗದಿಂದ ಹೈದರಾಬಾದಿಗೆ ವಿಮಾನ ಆರಂಭವಾಯಿತು. ಆ ದೂರ ಸುಮಾರು 480 ಕಿ.ಮೀ.; ನೆಲದ ದಾರಿಯಲ್ಲಾದರೆ ಹಗಲೋ ರಾತ್ರಿಯೋ ಒಂದಿಡೀ ಪಾಳಿ ಅದಕ್ಕೇ ಮೀಸಲು. ಅಲ್ಲಿ ಉಳಿಯುವ ಹೊತ್ತು ನಿಜವಾದ ಉಳಿತಾಯ. ಆದ್ದರಿಂದ ವಿಮಾನ ಬೇಕೋ ಬೇಡವೋ ಎಂದು ವಾದಿಸುವುದಕ್ಕಿಂತ, ಯಾವ ದೂರಕ್ಕೆ ಎಂದು ಕೇಳುವುದು ಹೆಚ್ಚು ಪ್ರಯೋಜನಕರ.

ಬೆಟ್ಟ ತೆರುವ ಬೆಲೆ

ಹೊತ್ತಿನ ಉಳಿತಾಯಕ್ಕೆ ಇನ್ನೊಂದು ತಟ್ಟೆಯಲ್ಲಿ ತೂಕವಿದೆ. ವಿಮಾನಕ್ಕೆ ಬೇಕಾದದ್ದು ಎರಡು ಮೂರು ಕಿ.ಮೀ. ಉದ್ದದ ಸಮತಟ್ಟು ನೆಲ. ಘಟ್ಟದ ಸೀಮೆಯಲ್ಲಿ ನಿಸರ್ಗ ಅದನ್ನು ಕೊಟ್ಟಿಲ್ಲ. ಒಂದೋ ಗುಡ್ಡದ ನೆತ್ತಿಯನ್ನು ಕತ್ತರಿಸಬೇಕು, ಇಲ್ಲವೇ ತಗ್ಗಿನ ಸಾಗುವಳಿ ನೆಲವನ್ನು ತುಂಬಬೇಕು. ಬಜಪೆಯ ನಿಲ್ದಾಣ ಗುಡ್ಡದ ತಲೆಯ ಮೇಲಿದೆ. 2006ರಲ್ಲಿ ಅಲ್ಲಿ 2,450 ಮೀಟರ್ ಉದ್ದದ ಹೊಸ ರನ್‌ವೇ ಬಂತು. ಅದರ ತುದಿಯಾಚೆ ಕಣಿವೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಉರುಳಿ 158 ಜನ ಪ್ರಾಣ ಕಳೆದುಕೊಂಡರು. ತನಿಖೆ ಪೈಲಟ್‌ನ ತಪ್ಪನ್ನು ಎತ್ತಿ ತೋರಿಸಿತಾದರೂ, ತಪ್ಪಿಗೆ ಕ್ಷಮೆಯಿಲ್ಲದ ನೆಲ ಅದು ಎಂಬುದನ್ನು ಮರೆಯಲಾಗದು. ಸೋಗಾನೆಯ ನೆಲ ಅಷ್ಟು ಕಡಿದಲ್ಲ. ಆದರೆ ಅಲ್ಲಿಯೂ 3,200 ಮೀಟರ್ ರನ್‌ವೇಗೆ, ಕಟ್ಟಡಗಳಿಗೆ 700 ಎಕರೆಗೂ ಮಿಗಿಲಾದ ನೆಲ, ಸುಮಾರು 450 ಕೋಟಿ ರೂಪಾಯಿ ವ್ಯಯವಾಗಿದೆ.

ಇಂಧನದ ಮಾತೂ ಇದೆ. ಒಂದು ಕಿಲೋ ವಿಮಾನ ಇಂಧನ ಉರಿದರೆ ಸುಮಾರು 3.16 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಒಂದು ಕಿಲೋ ಮೂರು ಕಿಲೋ ಆಗುವುದು ಹೇಗೆಂದು ವಿದ್ಯಾರ್ಥಿಗಳು ಕೇಳಬಹುದು. ಇಂಧನದ ಇಂಗಾಲ ಉರಿಯುವಾಗ ಗಾಳಿಯ ಆಮ್ಲಜನಕದೊಡನೆ ಕೂಡುತ್ತದೆ. ಹೆಚ್ಚಾದ ತೂಕ ಆ ಆಮ್ಲಜನಕದ್ದು. ಮೇಲೇರುವಾಗ ಎಂಜಿನ್ ಹೆಚ್ಚು ಕುಡಿಯುವುದರಿಂದ ಚಿಕ್ಕ ಹಾರಾಟದಲ್ಲಿ ಪ್ರತಿ ಕಿ.ಮೀ.ಗೆ ತಗಲುವ ಇಂಧನ ಹೆಚ್ಚು. ಪಂಖದ ವಿಮಾನಗಳು ಜೆಟ್‌ಗಳಿಗಿಂತ ಮಿತವ್ಯಯಿಗಳಾದರೂ ರೈಲಿಗೆ ಸಾಟಿಯಲ್ಲ. ಫ್ರಾನ್ಸ್ ದೇಶವು 2023ರ ಮೇ ತಿಂಗಳಲ್ಲಿ, ಎರಡೂವರೆ ಗಂಟೆಯೊಳಗೆ ರೈಲಿನಲ್ಲಿ ಮುಟ್ಟಬಹುದಾದ ಊರುಗಳ ನಡುವೆ ದೇಶೀಯ ವಿಮಾನಗಳನ್ನು ನಿಷೇಧಿಸುವ ನಿಯಮವನ್ನು ಜಾರಿಗೆ ತಂದಿತು. ಪ್ಯಾರಿಸ್ಸಿನ ಓರ್ಲಿಯಿಂದ ಲಿಯಾನ್, ನಾಂತ್, ಬೋರ್ಡೊ ನಗರಗಳಿಗೆ ಹೋಗುವ ಹಾರಾಟಗಳು ಈ ನಿಯಮದ ವ್ಯಾಪ್ತಿಗೆ ಬಂದವು. ಆ ಅಳತೆಯಲ್ಲಿ ಶಿವಮೊಗ್ಗದ ರೈಲು ಇನ್ನೂ ನಿಧಾನವೇ. ರೈಲನ್ನು ವೇಗಗೊಳಿಸದೆ ವಿಮಾನವನ್ನು ದೂರುವುದರಿಂದ ಏನೂ ಸಾಧಿಸಿದಂತಾಗದು.

ಹೊತ್ತು ಉಳಿಸುವ ಆತುರ ನೆಲದ ದಾರಿಗಳಲ್ಲಿಯೂ ಬೆಟ್ಟವನ್ನು ನೋಯಿಸಿದೆ. ಶಿರಾಡಿ ಘಾಟಿಯ ಹೆದ್ದಾರಿಯನ್ನು ಅಗಲಗೊಳಿಸಲು ಇಳಿಜಾರುಗಳನ್ನು ಗೋಡೆಯಂತೆ ಕಡಿಯಲಾಯಿತು. 2024ರ ಜುಲೈ ಮಳೆಯಲ್ಲಿ ಸಕಲೇಶಪುರದ ದೊಡ್ಡತಪ್ಲು ಬಳಿ ಗುಡ್ಡ ಮತ್ತೆ ಮತ್ತೆ ಕುಸಿದು ಸಂಚಾರ ನಿಂತಿತು. ಅದೇ ದಿನಗಳಲ್ಲಿ ಯಡಕುಮರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣು ಕೊಚ್ಚಿಹೋಗಿ ರೈಲುಗಳೂ ನಿಂತವು. ಮಂಗಳೂರಿಗೆ ತುರ್ತಾಗಿ ಹೋಗಬೇಕಾದವರಿಗೆ ಆಗ ವಿಮಾನವೇ ಆಸರೆಯಾಯಿತೆಂಬುದನ್ನು ಒಪ್ಪಬೇಕು. ಜೊತೆಗೆ ಇದನ್ನೂ ಗಮನಿಸಬೇಕು: ಅರ್ಧ ಗಂಟೆ ಉಳಿಸಲು ಕಡಿದ ಇಳಿಜಾರು, ಒಂದು ಮಳೆಗಾಲದಲ್ಲಿ ಎಷ್ಟೋ ದಿನಗಳನ್ನು ಹಿಂದಕ್ಕೆ ಕಿತ್ತುಕೊಂಡಿತು. ಆಕಾಶವೂ ಮಳೆಗಾಲದಲ್ಲಿ ನಂಬಿಗಸ್ತನಲ್ಲ. ಉಪಕರಣಗಳ ನೆರವಿಲ್ಲದೆ ಕಣ್ಣಳತೆಯಲ್ಲೇ ಇಳಿಯುವ ವಿಮಾನಕ್ಕೆ ಸುಮಾರು 5 ಕಿ.ಮೀ. ದೂರದವರೆಗೆ ಸ್ಪಷ್ಟ ನೋಟ ಬೇಕು. ಆಷಾಢದ ಮೋಡವನ್ನು ಕಂಡವರಿಗೆ ಇದರ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಹೂವಿನ ಗಡಿಯಾರ

ವಿಮಾನ ಬಂದರೆ ರೈತನ ಬೆಳೆಗೆ ದೂರದ ಮಾರುಕಟ್ಟೆ ಸಿಗುವುದೆಂಬ ಮಾತು ಮಲೆನಾಡಿನಲ್ಲಿ ಪದೇ ಪದೇ ಕೇಳಿಬರುತ್ತದೆ. ಇಲ್ಲಿಯೂ ಲೆಕ್ಕ ಹೊಲದಿಂದಲೇ ಆರಂಭವಾಗಬೇಕು. ಅಡಿಕೆ, ಕಾಳುಮೆಣಸು, ಕಾಫಿ ಒಣಗಿಸಿ ಮಾರುವ ಬೆಳೆಗಳು. ಅವುಗಳಿಗೆ ಒಂದು ಗಂಟೆಯಿಂದ ಏನೂ ಆಗಬೇಕಾದ್ದಿಲ್ಲ. ಹೂವು, ಅಣಬೆ, ಸೊಪ್ಪುಗಳ ಮಾತು ಬೇರೆ. ಕೊಯ್ದ ಮೇಲೂ ಅವು ಉಸಿರಾಡುತ್ತವೆ. ಉಷ್ಣತೆ 10 ಡಿಗ್ರಿ ಏರಿದರೆ ಆ ಉಸಿರಾಟ ಎರಡು ಮೂರು ಪಟ್ಟು ಹೆಚ್ಚುತ್ತದೆ, ಬಾಳಿಕೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಉಡುಪಿ ಸೀಮೆಯ ಶಂಕರಪುರ ಮಲ್ಲಿಗೆ ಮುಂಬಯಿಗೂ ಕೊಲ್ಲಿ ದೇಶಗಳಿಗೂ ಹೋಗುತ್ತದೆ. ಅದು ಸಾಧ್ಯವಾದದ್ದು ಬರೀ ವಿಮಾನದಿಂದಲ್ಲ. ನಸುಕಿನಲ್ಲೇ ಮೊಗ್ಗು ಬಿಡಿಸುವ, ಕಟ್ಟುವ, ಚೆಂಡು ಅಟ್ಟೆಗಳ ಲೆಕ್ಕದಲ್ಲಿ ಕೂಡಲೇ ಕಟ್ಟೆಗೆ ಮುಟ್ಟಿಸುವ ವ್ಯವಸ್ಥೆ ಅಲ್ಲಿನ ಮನೆಮನೆಗಳಲ್ಲಿ ಬೇರೂರಿದೆ. ಹೂವಿನ ಗಡಿಯಾರ ಗಿಡದಿಂದ ಕಿತ್ತ ಕ್ಷಣದಲ್ಲೇ ಓಡತೊಡಗುತ್ತದೆ. ವಿಮಾನ ಏರಿದ ಮೇಲಲ್ಲ. ಹಳ್ಳಿಯಲ್ಲೊಂದು ನೆರಳಿನ ಸಂಗ್ರಹ ಕೇಂದ್ರ, ತಂಪಿನ ಕೋಣೆ, ಹೊತ್ತಿಗೆ ಸರಿಯಾಗಿ ಬರುವ ವಾಹನ ಇಲ್ಲದಿದ್ದರೆ ವಿಮಾನ ಉಳಿಸಿಕೊಟ್ಟ ನಾಲ್ಕು ಗಂಟೆ ಬಿಸಿಲಿನಲ್ಲಿ ನಿಂತ ಗೋಣಿಚೀಲದೊಳಗೇ ಬಾಡಿಹೋಗುತ್ತದೆ.

ಕೇಳಬೇಕಾದ ಪ್ರಶ್ನೆಗಳು

ಈ ಲೆಕ್ಕ ನಾಗರಬಾವಿಯ ನಿವಾಸಿಗಳಿಗೂ ಇಂದೇ ಬೇಕಾಗಿದೆ. ದೇವನಹಳ್ಳಿಯ ನಿಲ್ದಾಣದೊಂದಿಗಿನ ಒಪ್ಪಂದದಂತೆ ಅದರ 150 ಕಿ.ಮೀ. ಸುತ್ತಳತೆಯಲ್ಲಿ ಮತ್ತೊಂದು ದೊಡ್ಡ ನಿಲ್ದಾಣ ತೆರೆಯಲು 2033ರವರೆಗೆ ನಿರ್ಬಂಧವಿದೆ. ಆ ಬಳಿಕದ ಎರಡನೆಯ ನಿಲ್ದಾಣಕ್ಕೆಂದು ಕನಕಪುರ ರಸ್ತೆಯ ಎರಡು ಹಾಗೂ ನೆಲಮಂಗಲ–ಕುಣಿಗಲ್ ರಸ್ತೆಯ ಒಂದು ಜಾಗವನ್ನು 2025ರಲ್ಲಿ ಪರಿಶೀಲಿಸಲಾಯಿತು. ಪಶ್ಚಿಮ ಬೆಂಗಳೂರಿಗೆ ನಿಲ್ದಾಣ ಹತ್ತಿರವಾಗುವುದೆಂಬ ಸಂತೋಷ ಸಹಜ. ಆದರೆ ನೆಲಮಂಗಲ ಶಿವಮೊಗ್ಗದ ಹೆದ್ದಾರಿಯ ಮೇಲೆಯೇ ಇರುವ ಊರು. ಅಲ್ಲಿಯವರೆಗೆ ಹೋಗಿ, ತಪಾಸಣೆಗೆಂದು ಒಂದೂವರೆ ಗಂಟೆ ನಿಲ್ಲುವಷ್ಟರಲ್ಲಿ ಬಸ್ಸು ತುಮಕೂರನ್ನು ದಾಟಿರುತ್ತದೆ. ದೂರದ ಊರುಗಳಿಗೆ ಆ ನಿಲ್ದಾಣ ಉಪಯುಕ್ತವಾಗಬಹುದು. ಮಲೆನಾಡಿಗೆ ಹೋಗಿಬರುವುದಕ್ಕೆ ಅದನ್ನು ಕಾರಣವಾಗಿ ಮುಂದಿಡುವುದು ಒಪ್ಪತಕ್ಕದ್ದಲ್ಲ. ಯಾರ ಹೊಲ ಹೋಗುತ್ತದೆ ಎಂಬ ಪ್ರಶ್ನೆಯಂತೂ ಎಲ್ಲ ಜಾಗಗಳಲ್ಲೂ ಇದ್ದೇ ಇದೆ.

ಆದ್ದರಿಂದ ‘ಇಷ್ಟೇ ಹೊತ್ತಿನ ದಾರಿ’ ಎಂದು ಯಾರಾದರೂ ಹೇಳಿದಾಗ ಮೂರು ಪ್ರಶ್ನೆಗಳನ್ನು ಕೇಳಬೇಕು. ಎಲ್ಲಿಂದ ಎಲ್ಲಿಗೆ ಅಳೆದದ್ದು? ಉಳಿದ ಹೊತ್ತು ಯಾರ ಪಾಲಿಗೆ, ವರ್ಷಕ್ಕೆ ಎಷ್ಟು ಸಲ? ಅದಕ್ಕಾಗಿ ಹೋದ ನೆಲ, ನೀರು, ಇಳಿಜಾರು ಯಾರದು? ವಿದ್ಯಾರ್ಥಿಗಳು ಮುಂದಿನ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ಹಾಳೆಯಲ್ಲಿ ಮನೆ ಬಿಟ್ಟ ಹೊತ್ತು, ಕಾದ ಹೊತ್ತು, ಸಾಗಿದ ಹೊತ್ತು, ಅಂಗಳ ಮುಟ್ಟಿದ ಹೊತ್ತುಗಳನ್ನು ಬೇರೆ ಬೇರೆಯಾಗಿ ಗುರುತು ಹಾಕಿಕೊಳ್ಳಲಿ. ನೂರು ಜನರ ಹಾಳೆಗಳು ಸೇರಿದರೆ ಹೊತ್ತು ನಿಜವಾಗಿ ಎಲ್ಲಿ ಪೋಲಾಗುತ್ತಿದೆಯೆಂದು ತೋರಿಸುವ ದಾಖಲೆಯಾಗುತ್ತದೆ. ಬಹುಪಾಲು ಹಾಳೆಗಳಲ್ಲಿ ಕಾಣುವ ದೊಡ್ಡ ಸಂಖ್ಯೆ ನಗರದೊಳಗಿನ ದಟ್ಟಣೆಯದೂ, ತಾಲ್ಲೂಕು ಕೇಂದ್ರದಲ್ಲಿ ಹಳ್ಳಿಯ ಬಸ್ಸಿಗಾಗಿ ಕಾದದ್ದೂ ಆಗಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಆಗ ಬೇಡಿಕೆಯೂ ಖಚಿತವಾಗುತ್ತದೆ: ಬೀರೂರಿನಿಂದ ಶಿವಮೊಗ್ಗಕ್ಕೆ ಜೋಡಿ ಹಳಿ, ಹಗಲಿಗೆ ಇನ್ನೊಂದು ವೇಗದ ರೈಲು, ರೈಲು ಬರುವ ಹೊತ್ತಿಗೆ ಹೊಂದುವಂತೆ ಹಳ್ಳಿಗಳಿಗೆ ಬಸ್ಸು. ಇವಾವುದಕ್ಕೂ ಹೊಸದಾಗಿ ಒಂದು ಗುಡ್ಡದ ನೆತ್ತಿಯನ್ನು ಕತ್ತರಿಸಬೇಕಾಗಿಲ್ಲ.